ಮಕ್ಕಳ ಕಣ್ಣಿನ ಪೊರೆಯೂ ನೋಟದ ಕಲಿಕೆಯೂ

ಕಣ್ಣಿನ ಪೊರೆ ಎಂದೊಡನೆ ಜನಸಾಮಾನ್ಯರ ಮನಸ್ಸಿಗೆ ಬರುವುದು ಮುಪ್ಪು. ತಲೆ ನರೆಯುವಂತೆ, ಹಲ್ಲು ಅಲುಗುವಂತೆ, ಕಣ್ಣಿನೊಳಗಿನ ಮಸೂರವೂ ವಯಸ್ಸಾದಂತೆ ಕದಡುತ್ತದೆ. ಅದನ್ನು ಕೆಲವರು ಪೊರೆಯೆಂದರು, ಉತ್ತರದ ಜಿಲ್ಲೆಗಳವರು ಮೋತಿಬಿಂದು ಎಂದರು. ಎಲ್ಲರೂ ಅದು ಬಲಿಯಲಿ ಎಂದು ಕಾದರು. ಹಾಗೆ ಕಾಯುವುದರಿಂದ ವೃದ್ಧರಿಗೆ ತೊಂದರೆಯಾಗುತ್ತಿತ್ತೇ ಹೊರತು ದೃಷ್ಟಿಯ ಮೂಲಕ್ಕೆ ಹಾನಿಯಾಗುತ್ತಿರಲಿಲ್ಲ. ಎರಡು ವರ್ಷ ಕಾದು ಪೊರೆ ತೆಗೆಸಿಕೊಂಡ ಅಜ್ಜ ಮರುವಾರವೇ ಮೊಮ್ಮಗನ ಮುಖವನ್ನು ಗುರುತಿಸುತ್ತಿದ್ದ. ಆದರೆ ಇದೇ ಪೊರೆಯನ್ನು ಹೊತ್ತು ಹುಟ್ಟುವ ಮಕ್ಕಳೂ ಉಂಟು. ಅವರ ವಿಷಯದಲ್ಲಿ ಕಾಯುವುದೆಂದರೆ ಏನು ಎಂಬ ಪ್ರಶ್ನೆಯನ್ನು ವೈದ್ಯಶಾಸ್ತ್ರ ಸರಿಯಾಗಿ ಕೇಳಿಕೊಂಡದ್ದು ಬಹಳ ತಡವಾಗಿ. ಪೊರೆಯನ್ನು ಹೇಗೆ ತೆಗೆಯಬೇಕೆಂಬುದು ಮೊದಲು ತಿಳಿಯಿತು. ಯಾವಾಗ ತೆಗೆಯಬೇಕೆಂಬುದು ತಿಳಿಯಲು ಮತ್ತೆ ಶತಮಾನಗಳೇ ಹಿಡಿದವು. ಈ ಎರಡರ ನಡುವಿನ ಅಂತರವೇ ಪ್ರಸ್ತುತ ಲೇಖನದ ವಿಷಯ.

ಭಾರತದ ಪ್ರಾಚೀನ ಶಸ್ತ್ರವೈದ್ಯದಿಂದಲೇ ಆರಂಭಿಸುವುದು ಉಚಿತ. ಸುಶ್ರುತಸಂಹಿತೆಯ ಉತ್ತರತಂತ್ರ ನೇತ್ರರೋಗಗಳನ್ನು 76 ಎಂದು ಎಣಿಸುತ್ತದೆ. ಅಲ್ಲಿ ಬರುವ ಲಿಂಗನಾಶದ ಶಸ್ತ್ರಕ್ರಮವನ್ನು ಪೊರೆಯನ್ನು ಶಲಾಕೆಯಿಂದ ಸರಿಸುವ ವಿಧಾನವೆಂದು ಚರಿತ್ರಕಾರರು ಸಾಮಾನ್ಯವಾಗಿ ಗುರುತಿಸುತ್ತಾರೆ. ಎಳೆಯ ಮಕ್ಕಳಿಗೇ ವಿಶಿಷ್ಟವಾದ ಕುಕೂಣಕವೆಂಬ ರೆಪ್ಪೆಯ ರೋಗವೊಂದನ್ನೂ ಅದು ಪ್ರತ್ಯೇಕವಾಗಿ ಹೇಳಿ, ಅದರ ಕಾರಣವನ್ನು ತಾಯ ಹಾಲಿನ ದೋಷದಲ್ಲಿ ಕಾಣುತ್ತದೆ. ಕಾರಣ ಸರಿಯೋ ತಪ್ಪೋ, ಮಗುವಿನ ಕಣ್ಣು ದೊಡ್ಡವರ ಕಣ್ಣಿನ ಕಿರಿಯ ಪ್ರತಿಯಲ್ಲ, ಅದಕ್ಕೆ ತನ್ನದೇ ರೋಗಗಳುಂಟು ಎಂಬ ಅರಿವು ಅಲ್ಲಿ ಇದೆ. ಆದರೆ ಲಿಂಗನಾಶದ ಶಸ್ತ್ರಕ್ರಮ ಮಕ್ಕಳಿಗಾಗಿ ಹೇಳಿದ್ದಲ್ಲವೆಂಬುದು ಅದರ ವಿವರಗಳಿಂದಲೇ ತೋರುತ್ತದೆ. ರೋಗಿ ಅಲುಗಾಡದೆ ಕುಳಿತು ತನ್ನ ಮೂಗಿನ ಕಡೆಗೆ ದೃಷ್ಟಿ ನೆಟ್ಟಿರಬೇಕು; ಶಲಾಕೆಯ ಕೆಲಸ ಮುಗಿದ ಮೇಲೆ ಒಂದು ಹೊಳ್ಳೆಯನ್ನು ಮುಚ್ಚಿಕೊಂಡು ಇನ್ನೊಂದರಿಂದ ಜೋರಾಗಿ ಸೀಂಟಬೇಕು. ಆರು ತಿಂಗಳ ಕೂಸಿನಿಂದ ಇದನ್ನು ಮಾಡಿಸುವ ವೈದ್ಯ ಯಾರು?

ಯೂರೋಪಿನಲ್ಲಿ ಹುಟ್ಟುಪೊರೆಯ ಚರ್ಚೆ ಆಸ್ಪತ್ರೆಯಲ್ಲಿ ಹುಟ್ಟಲಿಲ್ಲ, ತತ್ತ್ವಶಾಸ್ತ್ರದಲ್ಲಿ ಹುಟ್ಟಿತು. ಡಬ್ಲಿನ್ನಿನ ವಿಲಿಯಂ ಮಾಲಿನ್ಯೂ (1656–1698) ದೃಕ್‌ಶಾಸ್ತ್ರದಲ್ಲಿ ಪರಿಶ್ರಮವುಳ್ಳವನು. ಅವನ ಪತ್ನಿ ಮದುವೆಯಾದ ಹೊಸದರಲ್ಲೇ ದೃಷ್ಟಿ ಕಳೆದುಕೊಂಡಿದ್ದಳು. 1688ರಲ್ಲಿ ಅವನು ದಾರ್ಶನಿಕ ಜಾನ್ ಲಾಕನಿಗೆ ಒಂದು ಪ್ರಶ್ನೆ ಕಳುಹಿಸಿದನು: ಹುಟ್ಟುಕುರುಡನೊಬ್ಬ ಗೋಲವನ್ನೂ ಘನಾಕೃತಿಯನ್ನೂ ಮುಟ್ಟಿ ಬೇರ್ಪಡಿಸಬಲ್ಲ, ಅವನಿಗೆ ಹಠಾತ್ತನೆ ದೃಷ್ಟಿ ಬಂದರೆ, ಮುಟ್ಟದೆ, ಕೇವಲ ನೋಡಿ, ಯಾವುದು ಗೋಲ ಯಾವುದು ಘನ ಎಂದು ಹೇಳಬಲ್ಲನೆ? 1693ರಲ್ಲಿ ಮತ್ತೊಮ್ಮೆ ಬರೆದಾಗ ಲಾಕನು ಇದನ್ನು ಕೈಗೆತ್ತಿಕೊಂಡು, 1694ರಲ್ಲಿ ಹೊರಬಂದ ತನ್ನ ಗ್ರಂಥದ ಎರಡನೆಯ ಮುದ್ರಣದಲ್ಲಿ ಸೇರಿಸಿದನು. ಹೇಳಲಾರನು ಎಂಬುದೇ ಇಬ್ಬರ ಉತ್ತರವೂ ಆಗಿತ್ತು. ಬಿಷಪ್ ಬರ್ಕ್ಲಿ 1709ರಲ್ಲಿ ಇದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಗಿ, ದೂರವೆಂಬುದನ್ನು ಕಣ್ಣು ಕಾಣುವುದಿಲ್ಲ, ಅನುಭವದಿಂದ ಕಲಿಯುತ್ತದೆ ಎಂದು ವಾದಿಸಿದನು. ಎಲ್ಲವೂ ಊಹೆಯ ಮಟ್ಟದ ಮಾತು. ಪರೀಕ್ಷಿಸಲು ಅಂಥ ಒಬ್ಬ ರೋಗಿ ಬೇಕಾಗಿದ್ದನು.

ಆ ರೋಗಿ ದೊರೆತದ್ದು ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್ನನ ಕೈಗೆ. ಮೂತ್ರಕೋಶದ ಕಲ್ಲನ್ನು ಅತಿ ತ್ವರಿತವಾಗಿ ತೆಗೆಯುವುದರಲ್ಲಿ ಹೆಸರಾದ ಈತನು, ಹುಟ್ಟಿನಿಂದಲೋ ನೆನಪಿಗೆ ನಿಲುಕದ ಶೈಶವದಿಂದಲೋ ಪೊರೆಗಣ್ಣನಾಗಿದ್ದ, ಹದಿಮೂರು ದಾಟಿ ಹದಿನಾಲ್ಕು ತುಂಬದ ಬಾಲಕನೊಬ್ಬನಿಗೆ ಶಸ್ತ್ರಚಿಕಿತ್ಸೆ ಮಾಡಿ, 1728ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರದಿಯನ್ನು ಪ್ರಕಟಿಸಿದನು. ಕೆಲವೇ ಪುಟಗಳ ಈ ವರದಿಯಷ್ಟು ಚರ್ಚೆಗೆ ಒಳಗಾದ ನೇತ್ರವೈದ್ಯದ ಬರಹ ಬೇರೊಂದಿರುವುದು ಕಷ್ಟ. ಬಾಲಕನಿಗೆ ಮೊದಲಿಗೆ ದೂರದ ಕಲ್ಪನೆಯೇ ಇರಲಿಲ್ಲ. ಮುಟ್ಟಿದ ವಸ್ತು ಚರ್ಮಕ್ಕೆ ತಗಲುವಂತೆ ಕಂಡ ವಸ್ತುಗಳೆಲ್ಲ ತನ್ನ ಕಣ್ಣಿಗೇ ತಗಲುತ್ತಿವೆ ಎಂದು ಭಾವಿಸಿದನು. ಆಕಾರದಿಂದ ಯಾವುದನ್ನೂ ಗುರುತಿಸಲಾರದೆ ಹೋದನು. ಮನೆಯ ಬೆಕ್ಕು ಯಾವುದು ನಾಯಿ ಯಾವುದು ಎಂದು ಪದೇ ಪದೇ ಮರೆತು, ಮತ್ತೆ ಕೇಳಲು ನಾಚಿ, ಒಂದು ದಿನ ಬೆಕ್ಕನ್ನು ಹಿಡಿದು ಕೈಯಿಂದ ತಡವಿ ಖಚಿತಪಡಿಸಿಕೊಂಡು, ಅದರ ಮುಖವನ್ನೇ ದಿಟ್ಟಿಸಿ ನೋಡಿ, ಇನ್ನು ಮುಂದೆ ನಿನ್ನ ಗುರುತು ಸಿಕ್ಕುತ್ತದೆ ಎಂಬರ್ಥದ ಮಾತನ್ನು ಅದಕ್ಕೆ ಹೇಳಿದನು. ಚಿತ್ರಪಟಗಳು ಅವನಿಗೆ ಸುಮಾರು ಎರಡು ತಿಂಗಳ ಕಾಲ ಬರಿಯ ಬಣ್ಣದ ಹರವುಗಳಾಗಿದ್ದವು. ಅವು ಘನವಸ್ತುಗಳನ್ನು ಸೂಚಿಸುತ್ತವೆ ಎಂದು ಒಮ್ಮೆ ಹೊಳೆದ ಮೇಲೆ, ಕೈಗೆ ಅವು ಚಪ್ಪಟೆಯಾಗಿ ತಗಲಿದ್ದನ್ನು ಕಂಡು ಬೆರಗಾಗಿ, ಸುಳ್ಳು ಹೇಳುತ್ತಿರುವುದು ಕಣ್ಣೋ ಕೈಯೋ ಎಂದು ವಿಚಾರಿಸಿದನು. ತಾಯಿಯ ಗಡಿಯಾರದಲ್ಲಿ ತಂದೆಯ ಮುಖದ ಪುಟ್ಟ ಚಿತ್ರವನ್ನು ತೋರಿಸಿದಾಗ, ಅಷ್ಟು ದೊಡ್ಡ ಮುಖ ಇಷ್ಟು ಕಿರಿದಾದ ಜಾಗದಲ್ಲಿ ಹೇಗೆ ಅಡಗೀತು ಎಂಬುದು ಅವನ ಸಂದೇಹ. ಒಂದು ವರ್ಷದ ನಂತರ ಎರಡನೆಯ ಕಣ್ಣಿಗೂ ಚಿಕಿತ್ಸೆಯಾಯಿತು.

ವಾಲ್ಟೇರನು 1738ರಲ್ಲಿ ನ್ಯೂಟನ್ನನನ್ನು ಕುರಿತ ಗ್ರಂಥದಲ್ಲಿ ಈ ಬಾಲಕನ ಕಥೆಯನ್ನು ಎತ್ತಿಕೊಂಡನು. ಡಿಡೆರೋ 1749ರಲ್ಲಿ ಕುರುಡರನ್ನು ಕುರಿತ ಪತ್ರದಲ್ಲಿ ಅದನ್ನು ಜಾಲಿಸಿದನು. ಲಾಕನ ಪಕ್ಷ ಗೆದ್ದಿತೆಂದು ಒಬ್ಬರು, ಬಾಲಕನಿಗೆ ಸರಿಯಾದ ಪ್ರಶ್ನೆಯನ್ನೇ ಕೇಳಿಲ್ಲವೆಂದು ಇನ್ನೊಬ್ಬರು. ಈ ಗದ್ದಲದಲ್ಲಿ ಒಂದು ಸಣ್ಣ ಸಂಗತಿಯ ಮೇಲೆ ಯಾರ ಗಮನವೂ ನಿಲ್ಲಲಿಲ್ಲ. ಬಾಲಕನಿಗೆ ಹದಿಮೂರು ವರ್ಷ ಕಳೆದಿತ್ತು. ಅವನು ಮೂರು ತಿಂಗಳಲ್ಲಿ ಚಿಕಿತ್ಸೆ ಪಡೆದಿದ್ದರೆ ಏನಾಗುತ್ತಿತ್ತು ಎಂಬುದು ದಾರ್ಶನಿಕರಿಗೆ ಬೇಡವಾಗಿತ್ತು. ಮೂರು ತಿಂಗಳ ಕೂಸು ಅವರ ಪ್ರಶ್ನೆಗೆ ಉತ್ತರಿಸದಷ್ಟೆ. ವಿದ್ಯಾವಂತ ಯೂರೋಪಿಗೆ ಆ ಹುಡುಗ ಸಾಕ್ಷಿಯಾದನು, ರೋಗಿಯಾಗಲಿಲ್ಲ. ಅವನ ದೃಷ್ಟಿ ಮುಂದೆ ಎಷ್ಟರಮಟ್ಟಿಗೆ ಬೆಳೆಯಿತೆಂದು ಅವರಲ್ಲಿ ಯಾರೂ ಹಿಂಬಾಲಿಸಿ ವಿಚಾರಿಸಿದಂತೆ ಕಾಣುವುದಿಲ್ಲ.

ಸೂಕ್ಷ್ಮವನ್ನು ಮೊದಲು ಹಿಡಿದವರು ವೈದ್ಯರೇ. ಜೇಮ್ಸ್ ವೇರ್ 1801ರಲ್ಲಿ ಏಳು ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಅದೇ ರಾಯಲ್ ಸೊಸೈಟಿಯ ಮುಂದಿಟ್ಟನು. ಮೊದಲ ವರ್ಷ ತುಂಬುವ ಮೊದಲೇ ಪೊರೆ ಬಂದಿದ್ದ ಈ ಹುಡುಗ, ಚೆಸೆಲ್ಡನ್ನನ ರೋಗಿಯಂತಲ್ಲದೆ, ಚಿಕಿತ್ಸೆಯಾದ ಕೂಡಲೇ ಬಹುಮಟ್ಟಿಗೆ ವಸ್ತುಗಳನ್ನು ತಿಳಿದನು. ಪೊರೆಯುಳ್ಳ ಮಗು ಪೂರ್ಣ ಅಂಧನಲ್ಲ, ಬೆಳಕನ್ನೂ ಬಣ್ಣವನ್ನೂ ಅಷ್ಟಿಷ್ಟು ಬಲ್ಲದು ಎಂಬುದರತ್ತ ವೇರ್ ಗಮನ ಸೆಳೆದನು. ಪೊರೆ ಎಷ್ಟು ದಟ್ಟ, ಯಾವ ವಯಸ್ಸಿನಲ್ಲಿ ಬಂತು, ಯಾವಾಗ ಹೋಯಿತು ಎಂಬ ಲೆಕ್ಕವಿಲ್ಲದೆ ಒಬ್ಬ ರೋಗಿಯನ್ನು ಇನ್ನೊಬ್ಬನೊಡನೆ ಹೋಲಿಸಲಾಗದೆಂಬುದು ಇದರಿಂದ ಹೊರಡುವ ತಾತ್ಪರ್ಯ.

ಶಸ್ತ್ರಕ್ರಮವಾದರೂ ಮಕ್ಕಳಿಗೆ ಒಗ್ಗಬೇಕಲ್ಲ. ಫ್ರಾನ್ಸಿನ ಜಾಕ್ ದಾವಿಯೆಲ್ 1747ರಿಂದ ಪೊರೆಯನ್ನು ಸರಿಸುವ ಬದಲು ಕಣ್ಣಿನಿಂದ ಹೊರತೆಗೆಯುವ ಕ್ರಮವನ್ನು ಬೆಳೆಸಿದನು. ಅದು ದೊಡ್ಡವರ ಚಿಕಿತ್ಸೆಯ ಚರಿತ್ರೆಯಲ್ಲಿ ಯುಗಾಂತರ. ಆದರೆ ಮಗುವಿನ ಮಸೂರ ಮೆತ್ತನೆಯದು, ಹಿಂಬದಿಯ ಜೆಲ್ಲಿಯಂಥ ದ್ರವ್ಯಕ್ಕೆ ಬಿಗಿಯಾಗಿ ಅಂಟಿಕೊಂಡದ್ದು. ದೊಡ್ಡ ಗಾಯದ ಮೂಲಕ ಅದನ್ನು ಇಡಿಯಾಗಿ ಎಳೆದರೆ ಕಣ್ಣೇ ಕೆಡುವ ಭಯ. ಮೆತ್ತನೆಯ ಗುಣವನ್ನೇ ಉಪಯೋಗಕ್ಕೆ ತಂದವನು ಜಾನ್ ಕನಿಂಗ್‌ಹ್ಯಾಮ್ ಸಾಂಡರ್ಸ್ (1773–1810). ಮುಂದೆ ಮೂರ್‌ಫೀಲ್ಡ್ಸ್ ಎಂದು ಜಗತ್ಪ್ರಸಿದ್ಧವಾದ ಲಂಡನ್ನಿನ ನೇತ್ರಾಲಯವನ್ನು 1805ರಲ್ಲಿ ಸ್ಥಾಪಿಸಿದ ಈತನು, ಬೆಲಡೋನ ಸಸ್ಯದ ಸಾರದಿಂದ ಪಾಪೆಯನ್ನು ಅಗಲಿಸಿ, ತೆಳ್ಳನೆಯ ಸೂಜಿಯಿಂದ ಮಸೂರದ ಕೋಶವನ್ನು ಹರಿದು ಬಿಡುತ್ತಿದ್ದನು. ಉಳಿದದ್ದನ್ನು ಕಣ್ಣಿನ ನೀರೇ ದಿನಕಳೆದಂತೆ ಕರಗಿಸಿ ಹೀರಿಕೊಳ್ಳುತ್ತಿತ್ತು. ಮಕ್ಕಳು ದೊಡ್ಡವರಾಗಲೆಂದು ಕಾಯಬಾರದು ಎಂಬುದು ಅವನ ಪಕ್ಷ. ಕೈಕಾಲು ಹಿಡಿಯಲು ಸಹಾಯಕರು, ತಲೆ ಹಿಡಿಯಲು ಇನ್ನೊಬ್ಬ, ಇದರ ನಡುವೆ ಚೀರುವ ಕೂಸಿನ ಕಣ್ಣಿನಲ್ಲಿ ಸೂಜಿಯಾಡಿಸುವುದು. ಈಥರ್ ಬಂದದ್ದು 1846ರಲ್ಲಿ, ಕ್ಲೋರೋಫಾರಂ ಮರುವರ್ಷ ಎಂಬುದನ್ನು ನೆನೆದರೆ ಆ ಕೈಯ ಸ್ಥೈರ್ಯ ತಿಳಿದೀತು. ಮೂವತ್ತಾರರ ವಯಸ್ಸಿನಲ್ಲೇ ತೀರಿಕೊಂಡ ಸಾಂಡರ್ಸನ ಗ್ರಂಥ 1811ರಲ್ಲಿ, ಅವನ ಮರಣಾನಂತರ, ಹೊರಬಂದಿತು. ಅವನ ನೇತ್ರಾಲಯದ ಪರಂಪರೆ ಭಾರತಕ್ಕೆ ಬರಲು ತಡವಾಗಲಿಲ್ಲ. 1819ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಮದರಾಸಿನಲ್ಲಿ ನೇತ್ರ ಚಿಕಿತ್ಸಾಲಯವನ್ನು ತೆರೆಯಿತು. ಎಳುಂಬೂರಿನಲ್ಲಿ ಇಂದೂ ನಡೆಯುತ್ತಿರುವ ಸರಕಾರಿ ಕಣ್ಣಿನ ಆಸ್ಪತ್ರೆ ಅದರದೇ ಮುಂದುವರಿಕೆ.

ಸೂಜಿಯ ಕ್ರಮ ಅಲ್ಪಸ್ವಲ್ಪ ಬದಲಾವಣೆಗಳೊಡನೆ ಸುಮಾರು ನೂರೈವತ್ತು ವರ್ಷ ಬಾಳಿತು. ಅದರ ದೊಡ್ಡ ಕೊರತೆಯೆಂದರೆ ಒಂದು ಸಲಕ್ಕೆ ಮುಗಿಯದಿರುವುದು. ಹರಿದ ಕೋಶ ಮತ್ತೆ ಮಬ್ಬಾಗುತ್ತಿತ್ತು, ಮತ್ತೆ ಸೂಜಿ, ಮತ್ತೆ ಕಾಯುವಿಕೆ. 1960ರಲ್ಲಿ ಅಮೆರಿಕದ ಹ್ಯಾರಲ್ಡ್ ಶೈ ಮೆತ್ತನೆಯ ಮಸೂರವನ್ನು ಟೊಳ್ಳು ಸೂಜಿಯಿಂದ ಹೀರಿ ತೆಗೆಯುವ ಕ್ರಮವನ್ನು ಪ್ರಕಟಿಸಿದ ಮೇಲೂ, 1970ರ ದಶಕದಲ್ಲಿ ಕತ್ತರಿಸುತ್ತಲೇ ಹೀರುವ ಸೂಕ್ಷ್ಮಯಂತ್ರಗಳು ಬಂದ ಮೇಲೂ ಈ ತೊಂದರೆ ಕ್ರಮೇಣ ಕಡಿಮೆಯಾಯಿತು. ಮಸೂರದೊಡನೆ ಹಿಂಗೋಶದ ನಡುಭಾಗವನ್ನೂ ಅದರ ಹಿಂದಿನ ದ್ರವ್ಯದ ಮುಂಭಾಗವನ್ನೂ ಒಂದೇ ಸಲ ತೆಗೆಯುವುದು ಸಾಧ್ಯವಾಯಿತು.

ಇಷ್ಟೆಲ್ಲ ಆದರೂ ಒಗಟು ಬಿಡಿಸಲಿಲ್ಲ. ಶಸ್ತ್ರಕ್ರಮ ನಿರ್ದುಷ್ಟ, ಪಾಪೆ ಕಪ್ಪಗೆ ತಿಳಿ, ಅಕ್ಷಿಪಟಲ ಆರೋಗ್ಯ, ಕನ್ನಡಕ ಸರಿಯಾದದ್ದು. ಆದರೂ ಮಗು ಕಾಣದು. ಇದರ ಒಂದು ಸುಳಿವು ಮೆಳ್ಳಗಣ್ಣಿನ ಕಡೆಯಿಂದ ಹಳೆಯ ಕಾಲದಲ್ಲೇ ಸಿಕ್ಕಿತ್ತು. ಫ್ರೆಂಚ್ ನಿಸರ್ಗ ವಿಜ್ಞಾನಿ ಬುಫೋನ್ 1743ರಲ್ಲಿ ಮೆಳ್ಳಗಣ್ಣನ್ನು ವಿಮರ್ಶಿಸುತ್ತ, ಓರೆಯಾದ ಕಣ್ಣು ಸಾಮಾನ್ಯವಾಗಿ ದುರ್ಬಲವೆಂದೂ, ಒಳ್ಳೆಯ ಕಣ್ಣನ್ನು ಮುಚ್ಚಿ ಅದಕ್ಕೆ ಕೆಲಸ ಕೊಡಬೇಕೆಂದೂ ಸಲಹೆಯಿತ್ತನು. 1839ರಲ್ಲಿ ಬರ್ಲಿನ್ನಿನ ಡೀಫೆನ್‌ಬಾಖ್ ಏಳು ವರ್ಷದ ಬಾಲಕನ ಕಣ್ಣಿನ ಸ್ನಾಯುವನ್ನು ಕತ್ತರಿಸಿ ಮೆಳ್ಳೆಯನ್ನು ನೇರಮಾಡಿದಾಗ ಯೂರೋಪಿನಾದ್ಯಂತ ಆ ಶಸ್ತ್ರಕ್ರಿಯೆಗೆ ಮುಗಿಬಿದ್ದರು. ಕಣ್ಣು ನೇರವಾಯಿತು, ನೋಟ ಹಲವು ವೇಳೆ ನೇರವಾಗಲಿಲ್ಲ. ಬಳಸದೆ ಬಿಟ್ಟ ಕಣ್ಣು ಸೋಮಾರಿಯಾಗುತ್ತದೆ ಎಂಬ ಮಾತು ಆಡುನುಡಿಯಲ್ಲಿ ನಿಂತಿತಾದರೂ, ಸೋಮಾರಿತನ ಕಣ್ಣಿನದಲ್ಲ, ಮಿದುಳಿನದು ಎಂದು ತೋರಿಸುವ ಉಪಾಯ ಆಗ ಇರಲಿಲ್ಲ.

ತಡವಾಗಿ ದೃಷ್ಟಿ ಪಡೆದವರ ವೃತ್ತಾಂತಗಳನ್ನು ಜರ್ಮನ್ ವಿದ್ವಾಂಸ ಫಾನ್ ಸೆಂಡೆನ್ 1932ರಲ್ಲಿ ಒಂದೆಡೆ ಸಂಗ್ರಹಿಸಿದನು. ಅವುಗಳಲ್ಲಿ ಹರ್ಷಕ್ಕಿಂತ ಗೊಂದಲ ಹೆಚ್ಚು. ಬ್ರಿಟನ್ನಿನಲ್ಲಿ ಹತ್ತು ತಿಂಗಳಿನಿಂದ ಅಂಧನಾಗಿದ್ದು ಐವತ್ತೆರಡನೆಯ ವರ್ಷದಲ್ಲಿ ಕಾರ್ನಿಯಾ ನಾಟಿಯಿಂದ ದೃಷ್ಟಿ ಪಡೆದ ಒಬ್ಬ ಮನುಷ್ಯನನ್ನು ಗ್ರೆಗರಿ, ವಾಲೆಸ್ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ 1963ರಲ್ಲಿ ವರದಿ ಬರೆದರು. ಮುಟ್ಟಿ ಬಲ್ಲ ವಸ್ತುಗಳನ್ನು ಆತ ಬೇಗ ಗುರುತಿಸಿದ. ಉಳಿದ ಲೋಕ ಅವನಿಗೆ ಸಪ್ಪೆಯಾಗಿ, ಮಾಸಲಾಗಿ ಕಂಡಿತು. ಕುರುಡನಾಗಿ ಧೈರ್ಯದಿಂದ ಬಾಳಿದ್ದವನು ಕಣ್ಣು ಬಂದ ಮೇಲೆ ಖಿನ್ನನಾಗಿ, 1960ರಲ್ಲಿ ತೀರಿಕೊಂಡನು.

ಹುಟ್ಟುಪೊರೆ ಬರುವುದಾದರೂ ಏಕೆ? ಕೆಲವೆಡೆ ವಂಶದಿಂದ, ಕೆಲವೆಡೆ ಶರೀರದ ರಸಕ್ರಿಯೆಯ ದೋಷದಿಂದ. ಇನ್ನೊಂದು ಕಾರಣ ಬಯಲಾದದ್ದು ಆಸ್ಟ್ರೇಲಿಯದಲ್ಲಿ. ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್ ತನ್ನಲ್ಲಿಗೆ ಪೊರೆಗಣ್ಣಿನ ಕೂಸುಗಳು ಅಸಾಧಾರಣ ಸಂಖ್ಯೆಯಲ್ಲಿ ಬರುತ್ತಿರುವುದನ್ನು ಕಂಡು ತಾಯಂದಿರನ್ನು ವಿಚಾರಿಸಿದನು. ಗರ್ಭದ ಆರಂಭದ ತಿಂಗಳುಗಳಲ್ಲಿ ಅವರಿಗೆ ರುಬೆಲ್ಲಾ, ಎಂದರೆ ಜರ್ಮನ್ ದಡಾರ, ತಗಲಿತ್ತು. ತನ್ನ ಮತ್ತು ಸಹೋದ್ಯೋಗಿಗಳ ಒಟ್ಟು 78 ಮಕ್ಕಳ ವಿವರವನ್ನು ಅವನು 1941ರಲ್ಲಿ ಮಂಡಿಸಿದನು. ಮೂರು ದಿನದ ಜ್ವರ, ನಾಲ್ಕು ಕೆಂಪು ಗುಳ್ಳೆ ಎಂದು ಉಪೇಕ್ಷಿಸಿದ್ದ ರೋಗ ಗರ್ಭದೊಳಗಿನ ಕಣ್ಣನ್ನು ಕೆಡಿಸಬಲ್ಲದೆಂದು ನಂಬಲು ಅನೇಕರು ಮೊದಲು ಒಪ್ಪಲಿಲ್ಲ. ಲಸಿಕೆ 1969ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಭಾರತದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ ಫೆಬ್ರವರಿ 2017ರಲ್ಲಿ ಆರಂಭವಾದಾಗ ಅದರ ಉದ್ಘಾಟನೆ ನಡೆದದ್ದು ಬೆಂಗಳೂರಿನಲ್ಲಿ; ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗ್ರೆಗ್‌ನ ಪ್ರಬಂಧಕ್ಕೂ ಇದಕ್ಕೂ ನಡುವೆ 76 ವರ್ಷ.

ಮಿದುಳಿನ ಒಗಟು ಬಿಡಿಸಿದ್ದು ಬೆಕ್ಕಿನ ಮರಿಗಳು. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಹ್ಯೂಬೆಲ್, ಟಾರ್ಸ್ಟೆನ್ ವೀಸೆಲ್ ಇಬ್ಬರೂ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು, ಕೆಲವು ತಿಂಗಳ ನಂತರ ತೆರೆದು, ಮಿದುಳಿನ ದೃಷ್ಟಿಭಾಗದ ಜೀವಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿ 1963ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಣ್ಣಿಗೆ ಯಾವ ದೋಷವೂ ಇರಲಿಲ್ಲ. ಆದರೆ ಆ ಕಣ್ಣಿನ ಸಂದೇಶಕ್ಕೆ ಓಗೊಡುವ ಜೀವಕೋಶಗಳು ಬಹುತೇಕ ಇಲ್ಲವಾಗಿದ್ದವು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಏನೂ ಆಗಲಿಲ್ಲ. ಅಂದರೆ ನೋಟದ ಕಲಿಕೆಗೆ ಒಂದು ವಾಯಿದೆಯುಂಟು. ವಾಯಿದೆ ಮೀರಿದ ಹುಂಡಿಯಂತೆ, ಅನಂತರ ತೆರೆದ ಕಣ್ಣಿಗೆ ಮಿದುಳಿನಲ್ಲಿ ಬೆಲೆಯಿಲ್ಲ. ಪೊರೆ ತೆಗೆಸಿಕೊಂಡೂ ಕಾಣದ ಮಕ್ಕಳ ವಿಷಯ ಇವರಿಗೆ ಮೊದಲೇ ಗೊತ್ತಿತ್ತು. ಪ್ರಯೋಗದ ಹಿಂದಿದ್ದ ಪ್ರಶ್ನೆಯೂ ಅದೇ. 1981ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಇದರ ಪರಿಣಾಮ ಶಸ್ತ್ರಶಾಲೆಯಲ್ಲಿ ಬೇಗ ಕಂಡಿತು. ಮಕ್ಕಳ ನೇತ್ರವೈದ್ಯ ಆ ಹೊತ್ತಿಗೆ ಪ್ರತ್ಯೇಕ ಶಾಖೆಯಾಗತೊಡಗಿತ್ತು. ವಾಷಿಂಗ್ಟನ್ನಿನ ಫ್ರಾಂಕ್ ಕಾಸ್ಟೆನ್‌ಬೇಡರ್ 1943ರಲ್ಲಿಯೇ ಮಕ್ಕಳ ಕಣ್ಣುಗಳನ್ನಷ್ಟೇ ನೋಡುವೆನೆಂದು ನಿರ್ಧರಿಸಿದ್ದನು. ಒಂದೇ ಕಣ್ಣಿನ ದಟ್ಟವಾದ ಹುಟ್ಟುಪೊರೆ ಚಿಕಿತ್ಸೆಗೆ ಒಗ್ಗದೆಂದು ಕೈಬಿಡುತ್ತಿದ್ದ ವೈದ್ಯರು, 1980ರ ದಶಕದಿಂದ ಹುಟ್ಟಿದ ಆರು ವಾರಗಳ ಸುಮಾರಿಗೆ ಶಸ್ತ್ರಕ್ರಿಯೆ ಮಾಡತೊಡಗಿದರು. ತೀರ ಅವಸರವೂ ಸಲ್ಲದು. ಮೊದಲ ನಾಲ್ಕು ವಾರದೊಳಗೆ ಮಾಡಿದರೆ ಮುಂದೆ ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾದ ಅಪಾಯ ಹೆಚ್ಚು. ಹೀಗೆ ಶತಮಾನಗಳ ಪ್ರಶ್ನೆ ಕೆಲವೇ ವಾರಗಳ ಕಿಂಡಿಯೊಳಕ್ಕೆ ಬಂದು ನಿಂತಿತು. ಅಷ್ಟರಲ್ಲಿ ರೋಗವನ್ನು ಕಂಡುಹಿಡಿಯುವುದು ಹೇಗೆ? ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ನೇತ್ರದರ್ಶಕದ ಬೆಳಕನ್ನು ಪಾಪೆಯ ಮೇಲೆ ಬಿಟ್ಟರೆ ಆರೋಗ್ಯವಂತ ಕಣ್ಣು ಕೆಂಪಗೆ ಹೊಳೆಯುತ್ತದೆ, ಪೊರೆಯಿದ್ದರೆ ಆ ಹೊಳಪು ಕುಂದುತ್ತದೆ. ಕೆಲವು ಕ್ಷಣಗಳ ಕೆಲಸ, ಆದರೆ ಹೆರಿಗೆಯ ಕೋಣೆಯಲ್ಲಿ ಯಾರಾದರೂ ಅದನ್ನು ಮಾಡಬೇಕು. ಮಾತು ಬಾರದ ಕೂಸಿಗೆ ಎಷ್ಟು ಕಾಣುತ್ತದೆಂದು ಅಳೆಯಲೂ ಉಪಾಯ ಬಂತು: ಬರಿಯ ಬೂದು ಹಲಗೆಗಿಂತ ಗೆರೆಗಳುಳ್ಳ ಹಲಗೆಯ ಕಡೆಗೆ ಕೂಸು ಕಣ್ಣು ಹೊರಳಿಸುತ್ತದೆ, ಗೆರೆಗಳು ಎಷ್ಟು ಸಣ್ಣವಾದಾಗ ಹೊರಳಿಸುವುದನ್ನು ಬಿಡುತ್ತದೆಯೋ ಅದೇ ಅದರ ದೃಷ್ಟಿಯ ಮಿತಿ. ಡೇವಿಡಾ ಟೆಲ್ಲರ್ ಎಂಬ ಅಮೆರಿಕನ್ ವಿದುಷಿಯ ಹೆಸರಿನ ಹಲಗೆಗಳು ಈ ತತ್ತ್ವದ ಮೇಲೆ ನಿಂತಿವೆ.

ಶಸ್ತ್ರಕ್ರಿಯೆ ಆರಂಭ ಮಾತ್ರ. ಮಸೂರ ಹೋದ ಕಣ್ಣಿಗೆ ಬದಲಿ ಬೇಕು. ಹ್ಯಾರಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಕೃತಕ ಮಸೂರವನ್ನು ಕಣ್ಣಿನೊಳಗೆ ಕೂರಿಸಿದನು. ಕೂಸುಗಳಿಗೂ ಅದು ತಕ್ಕದ್ದೇ ಎಂಬುದು ಬಹುಕಾಲ ವಿವಾದವಾಗಿ ಉಳಿಯಿತು. ಒಂದೇ ಕಣ್ಣಿನಲ್ಲಿ ಪೊರೆಯಿದ್ದ, ಒಂದರಿಂದ ಆರು ತಿಂಗಳ ವಯಸ್ಸಿನ 114 ಶಿಶುಗಳ ಮೇಲೆ ಅಮೆರಿಕದಲ್ಲಿ 2004ರಿಂದ ನಡೆದ ಪರೀಕ್ಷೆಯಲ್ಲಿ ಅರ್ಧದಷ್ಟು ಶಿಶುಗಳಿಗೆ ಕೃತಕ ಮಸೂರ, ಉಳಿದವಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟರು. ನಾಲ್ಕೂವರೆ ವರ್ಷದ ವಯಸ್ಸಿನಲ್ಲಿ ಅಳೆದಾಗ ದೃಷ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೃತಕ ಮಸೂರದ ಪಂಗಡಕ್ಕೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಬೇಕಾಯಿತು. ಎರಡು ಪಂಗಡಗಳಲ್ಲೂ ಬಹಳ ಒಳ್ಳೆಯ ದೃಷ್ಟಿ ಪಡೆದವರು ಕಡಿಮೆ. ಒಳ್ಳೆಯ ಕಣ್ಣನ್ನು ದಿನಕ್ಕೆ ಗಂಟೆಗಟ್ಟಲೆ ಮುಚ್ಚಿ, ಕಿತ್ತೆಸೆಯುವ ಮಗುವನ್ನು ಒಲಿಸಿ, ವರ್ಷಗಳ ಕಾಲ ನಡೆಸುವ ಈ ತಪಸ್ಸು ವೈದ್ಯರದಲ್ಲ, ತಾಯಿತಂದೆಯರದು.

ಭಾರತದ ಸ್ಥಿತಿಯೇ ಬೇರೆ. ಇಲ್ಲಿ ಪೊರೆಯ ಶಸ್ತ್ರಕ್ರಿಯೆಯನ್ನು ಹಳ್ಳಿಗೆ ಒಯ್ದದ್ದು ಶಿಬಿರಗಳು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ (1916–2005) ಹೆಸರು ಕನ್ನಡಿಗರಿಗೆ ಪರಿಚಯ ಮಾಡಿಕೊಡಬೇಕಾದದ್ದಲ್ಲ. ಆದರೆ ಶಿಬಿರದ ಕ್ರಮ ವೃದ್ಧರಿಗೆ ಒಗ್ಗಿದಂತೆ ಶಿಶುವಿಗೆ ಒಗ್ಗುವುದಿಲ್ಲ. ಶಿಶುವಿಗೆ ಪೂರ್ಣ ಅರಿವಳಿಕೆ ಬೇಕು, ಅದರ ತಜ್ಞರು ಬೇಕು, ಮುಂದೆ ಹತ್ತಾರು ವರ್ಷ ನೋಡಿಕೊಳ್ಳುವ ವ್ಯವಸ್ಥೆ ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನವಜಾತ ಶಿಶುಗಳಲ್ಲಿ ಹುಡುಕಬೇಕಾದ ದೋಷಗಳ ಪಟ್ಟಿಯಲ್ಲಿ ಹುಟ್ಟುಪೊರೆಯನ್ನೂ ಸೇರಿಸಿದೆ. ಅದು ತಪ್ಪಿಸಿಕೊಂಡ ಮಕ್ಕಳು ಎಂಟನೆಯ ವರ್ಷಕ್ಕೋ ಹನ್ನೆರಡನೆಯ ವರ್ಷಕ್ಕೋ ಆಸ್ಪತ್ರೆ ತಲುಪುತ್ತಾರೆ. ಬೆಕ್ಕಿನ ಮರಿಗಳ ಪಾಠವನ್ನು ಅಕ್ಷರಶಃ ಹಿಡಿದರೆ ಅಂಥವರಿಗೆ ಹೇಳಬೇಕಾದ ಮಾತು ಒಂದೇ, ಕಾಲ ಮಿಂಚಿತು ಎಂದು. ಹಾಗೆಂದು ಹಿಂದಕ್ಕೆ ಕಳುಹಿಸುವುದು ಶಾಸ್ತ್ರಸಮ್ಮತವೂ ಆಗಿ ತೋರುತ್ತಿತ್ತು.

ಈ ತೀರ್ಪನ್ನು ಪುನರ್ವಿಚಾರಕ್ಕೆ ಎಳೆದದ್ದು ದಿಲ್ಲಿಯಲ್ಲಿ ನಡೆದ ಕೆಲಸ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಪವನ್ ಸಿನ್ಹಾ ದರಿಯಾಗಂಜಿನ ಶ್ರಾಫ್ ಧರ್ಮಾರ್ಥ ಕಣ್ಣಿನ ಆಸ್ಪತ್ರೆಯೊಡನೆ ಸೇರಿ, ‘ಪ್ರಕಾಶ’ ಎಂಬ ಯೋಜನೆಯಲ್ಲಿ, ತಡವಾಗಿ ಬಂದ ಮಕ್ಕಳಿಗೂ ಚಿಕಿತ್ಸೆ ಕೊಡಿಸಿ ಅವರ ನೋಟದ ಬೆಳವಣಿಗೆಯನ್ನು ಅಧ್ಯಯನ ಮಾಡಿದರು. 2011ರಲ್ಲಿ ಪ್ರಕಟವಾದ ಪ್ರಯೋಗ ಮಾಲಿನ್ಯೂವಿನ ಪ್ರಶ್ನೆಯನ್ನೇ 323 ವರ್ಷಗಳ ನಂತರ ಕೇಳಿತು. ಎಂಟರಿಂದ ಹದಿನೇಳು ವರ್ಷದ ಐವರು. ಶಸ್ತ್ರಕ್ರಿಯೆಯಾಗಿ ಎರಡು ದಿನಗಳೊಳಗೆ ಪರೀಕ್ಷೆ. ಆಟಿಕೆಯ ಇಟ್ಟಿಗೆಗಳಂಥ ವಸ್ತುಗಳು. ಮುಟ್ಟಿದ್ದನ್ನು ಮತ್ತೆ ಮುಟ್ಟಿ ಗುರುತಿಸುವುದರಲ್ಲಿ ಶೇಕಡ 98ರಷ್ಟು ಸರಿ, ಕಂಡದ್ದನ್ನು ಮತ್ತೆ ಕಂಡು ಗುರುತಿಸುವುದರಲ್ಲಿ 92. ಮುಟ್ಟಿದ್ದನ್ನು ಕಂಡು ಗುರುತಿಸಬೇಕಾದಾಗ ಮಾತ್ರ 58. ನಾಣ್ಯ ಚಿಮ್ಮಿದರೂ 50 ಬರುವುದು. ಲಾಕನ ಉತ್ತರ ಸರಿಯೆಂದಾಯಿತು. ಆದರೆ ಅವರಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ, ಯಾವ ವಿಶೇಷ ಶಿಕ್ಷಣವೂ ಇಲ್ಲದೆ, ಅವರು ಗಮನಾರ್ಹವಾಗಿ ಸುಧಾರಿಸಿದ್ದರು. ನಡುವೆ ಕಳೆದಿದ್ದದ್ದು ಕೆಲವೇ ದಿನ. ಈ ಮಕ್ಕಳ ದೃಷ್ಟಿಯ ತೀಕ್ಷ್ಣತೆ ಸಾಮಾನ್ಯ ಮಟ್ಟವನ್ನು ಮುಟ್ಟುವುದಿಲ್ಲ. ಸಣ್ಣಕ್ಷರ ಅವರಿಗೆ ಕೊನೆಯವರೆಗೂ ಕಷ್ಟವೇ. ಆದರೂ ಮುಖವನ್ನು ವಸ್ತುವಿನಿಂದ ಬೇರ್ಪಡಿಸಲು, ಅಡ್ಡಬಂದುದನ್ನು ಕಂಡು ತಪ್ಪಿಸಿಕೊಂಡು ನಡೆಯಲು ಅವರು ಕಲಿಯಬಲ್ಲರು. ಎಂಟು ವರ್ಷದ ಮಗಳನ್ನು ಕೈಹಿಡಿದು ತಂದ ತಂದೆಗೆ ಇಂದಿನ ವೈದ್ಯನು ಪೂರ್ಣ ದೃಷ್ಟಿಯ ಭರವಸೆ ಕೊಡಲಾರನು. ಹಿಂದಿರುಗಿ ಹೋಗಿರೆಂದೂ ಹೇಳಲಾರನು.